ಆರು ಸಾವಿರ ಖರ್ಚು, ಆರ್ಡರ್ ಒಂದೇ: ಸಣ್ಣ ಆನ್‌ಲೈನ್ ಅಂಗಡಿಗೆ ಗಿರಾಕಿ ಹುಡುಕುವ ಲೆಕ್ಕ

ನೆಲಮಂಗಲದ ಜಂಕ್ಷನ್ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಬೆಂಗಳೂರಿನಿಂದ ಬಂದ ಹೆದ್ದಾರಿ ಅಲ್ಲಿ ಕವಲೊಡೆದು ಒಂದು ತುಮಕೂರಿನ ಕಡೆಗೆ, ಇನ್ನೊಂದು ಕುಣಿಗಲ್, ಹಾಸನದ ಕಡೆಗೆ ಹೋಗುತ್ತದೆ. ಎರಡೂ ರಸ್ತೆಗಳ ಪಕ್ಕದಲ್ಲಿ ದೊಡ್ಡ ದೊಡ್ಡ ಗೋದಾಮುಗಳು. ನಾವು ಮೊಬೈಲಲ್ಲಿ ಬುಕ್ ಮಾಡುವ ಎಷ್ಟೋ ಸಾಮಾನು ಇಲ್ಲಿಂದಲೇ ಲಾರಿ ಹತ್ತುತ್ತದೆ. ದಿನಾ ಆ ಲಾರಿಗಳನ್ನು ನೋಡಿ ನೋಡಿ ನಮಗೂ ಒಂದು ಭ್ರಮೆ ಹುಟ್ಟಿತ್ತು: ಆನ್‌ಲೈನ್ ವ್ಯಾಪಾರ ಅಂದರೆ ವೆಬ್‌ಸೈಟ್ ಮಾಡೋದು, ಜಾಹೀರಾತು ಹಾಕೋದು, ಆರ್ಡರ್ ಬರೋದು, ಅಷ್ಟೇ.

ನೆಲಮಂಗಲದಲ್ಲಿರುವ ನಮ್ಮ ಚಿಕ್ಕಮ್ಮ ರಾಗಿ ಹುರಿಹಿಟ್ಟು ಚೆನ್ನಾಗಿ ಮಾಡುತ್ತಾರೆ. ರಾಗಿ ನೆನೆಸಿ, ಆರಿಸಿ, ಹುರಿದು ಅರಳಿಸಿ, ಮಿಲ್‌ಗೆ ಹಾಕಿಸಿ, ಜರಡಿ ಹಿಡಿದು ಇಡುವ ಕೆಲಸ. ಬೆಲ್ಲ, ಕಾಯಿತುರಿ, ಹಾಲು ಕಲಸಿ ಕೊಟ್ಟರೆ ಹಾಸ್ಟೆಲ್‌ನವರು ಡಬ್ಬಿ ಖಾಲಿ ಮಾಡಿಯೇ ಏಳುತ್ತಿದ್ದರು. ಐದನೇ ಸೆಮಿಸ್ಟರ್ ರಜೆಯಲ್ಲಿ ನಾನು ಮತ್ತು ರೂಮ್‌ಮೇಟ್ ಸೇರಿ ಒಂದು ಆನ್‌ಲೈನ್ ಅಂಗಡಿ ಮಾಡಿದೆವು. ಸೈಟ್ ಚೆನ್ನಾಗಿತ್ತು, ಬೇಗ ಲೋಡ್ ಆಗುತ್ತಿತ್ತು, ಪೇಮೆಂಟ್ ಗೇಟ್‌ವೇ ಕೂಡ ಕೆಲಸ ಮಾಡುತ್ತಿತ್ತು. ಚಿಕ್ಕಮ್ಮ ಚೀಟಿ ಎತ್ತಿದ ದುಡ್ಡಿನಲ್ಲಿ 10,000 ರೂಪಾಯಿ ನಮ್ಮ ಕೈಗೆ ಕೊಟ್ಟಿದ್ದರು. ಅದರಲ್ಲಿ 6,000 ಜಾಹೀರಾತಿಗೆ ಹಾಕಿದೆವು. ನಾಲ್ಕೇ ದಿನದಲ್ಲಿ ಅಷ್ಟೂ ಖರ್ಚು. ಸೈಟಿಗೆ ಬಂದವರು ಸಾವಿರದ ಮೇಲೆ. ಆರ್ಡರ್ ಬಂದಿದ್ದು ಒಂದು. ಅದೂ ಜಾಹೀರಾತು ನೋಡಿ ಬಂದಿದ್ದಲ್ಲ. ನಮ್ಮ ಸೋದರಮಾವನ ಮಗ ಪಾಪ ಅಂತ ತರಿಸಿಕೊಂಡಿದ್ದು.

ಚಿಕ್ಕಮ್ಮ ಬೈಯಲಿಲ್ಲ. "ದುಡ್ಡು ಹೋದ್ರೆ ಹೋಯ್ತು ಬಿಡು. ಅಲ್ಲ ಕಣೋ, ಇದನ್ನ ಕೊಂಡ್ಕೊಳ್ಳೋರು ಯಾರು ಅಂತ ಯಾರನ್ನಾದ್ರೂ ಕೇಳಿದ್ರಾ?" ಅಂದರು, ಅಷ್ಟೇ. ನಾವು ಕೇಳಿರಲಿಲ್ಲ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದಾಗ ಹೊಸ ಅಂಗಡಿಯ ಮಾರ್ಕೆಟಿಂಗ್ ಹೇಗೆ ಮಾಡಬೇಕು ಅಂತ ಆಮೇಲೆ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕ್ಯಾಂಪಸ್‌ನಲ್ಲಿ ಟೀ ಶರ್ಟ್, ಕೀಚೈನ್, ಅಮ್ಮನ ಉಪ್ಪಿನಕಾಯಿ, ಪ್ರಾಜೆಕ್ಟ್ ಕಿಟ್ ಅಂತ ಅಂಗಡಿ ತೆರೆಯುವವರು ವರ್ಷಾ ವರ್ಷಾ ಇದ್ದೇ ಇರುತ್ತಾರೆ. ಅವರ ಮನೆಯವರ ದುಡ್ಡಾದರೂ ಉಳಿಯಲಿ.

ಮೊದಲು ಒಂದು ಆರ್ಡರ್‌ನ ಲೆಕ್ಕ

ಮಾರ್ಕೆಟಿಂಗ್‌ಗೆ ಇಳಿಯುವ ಮೊದಲು ಒಂದೇ ಒಂದು ಆರ್ಡರ್‌ನಲ್ಲಿ ಎಷ್ಟು ಉಳಿಯುತ್ತದೆ ಅಂತ ಬರೆದುಕೊಳ್ಳಿ. ಉದಾಹರಣೆಗೆ ಅರ್ಧ ಕಿಲೋ ಪ್ಯಾಕೆಟ್‌ಗೆ 160 ರೂಪಾಯಿ ಅಂದುಕೊಳ್ಳೋಣ. ರಾಗಿ, ಮಿಲ್ ಖರ್ಚು, ಗ್ಯಾಸು, ಕೂಲಿ ಸೇರಿ 75. ಕವರ್, ಲೇಬಲ್ 10. ಕೊರಿಯರ್ 45. ಪೇಮೆಂಟ್ ಗೇಟ್‌ವೇ 2 ಶೇಕಡಾ ಹಿಡಿದರೆ ಹತ್ತಿರ ಹತ್ತಿರ 3. ಉಳಿಯುವುದು 27 ರೂಪಾಯಿ.

ಈಗ ಜಾಹೀರಾತು. ಒಂದು ಕ್ಲಿಕ್‌ಗೆ 5 ರೂಪಾಯಿ, ನೂರು ಜನ ಬಂದರೆ ಇಬ್ಬರು ಕೊಳ್ಳುತ್ತಾರೆ ಅಂತಲೇ ಹಿಡಿಯಿರಿ. ಒಂದು ಆರ್ಡರ್‌ಗೆ 50 ಕ್ಲಿಕ್, ಅಂದರೆ 250 ರೂಪಾಯಿ. ಅಂದರೆ 27 ರೂಪಾಯಿ ಉಳಿಸಲು 250 ಕೊಡುತ್ತಿದ್ದೀರಿ. ಆರ್ಡರ್ ಹೆಚ್ಚು ಬಂದಷ್ಟೂ ನಷ್ಟವೇ ಹೆಚ್ಚು.

ಇದೇ ಲೆಕ್ಕವನ್ನು ಎರಡು ಕಡೆ ಬದಲಾಯಿಸಿ ನೋಡಿ. ಒಂದು ಕಿಲೋ ಒಟ್ಟಿಗೆ ಕಳಿಸಿದರೆ 320 ಬರುತ್ತದೆ. ಮಾಲಿಗೆ 150, ಕವರ್‌ಗೆ 20, ಕೊರಿಯರ್ 60, ಗೇಟ್‌ವೇ 6. ಉಳಿಯುವುದು 84. ಅದೇ ಮನೆಯವರು ಮತ್ತೆ ಎರಡು ತಿಂಗಳು ತಾವಾಗಿಯೇ ತರಿಸಿಕೊಂಡರೆ ಮೂರು ಆರ್ಡರ್‌ಗೆ 252. ಆಗ 250 ರೂಪಾಯಿ ಜಾಹೀರಾತಿನ ಖರ್ಚು ಹುಟ್ಟಿತು. ಅಂದರೆ ಸಣ್ಣ ಅಂಗಡಿ ಉಳಿಯುವುದು ಎಷ್ಟು ಜನ ಸೈಟ್ ನೋಡಿದರು ಅನ್ನುವುದರಿಂದ ಅಲ್ಲ. ಒಮ್ಮೆಗೆ ಎಷ್ಟು ಕೊಂಡರು, ಮತ್ತೆ ಬಂದರಾ ಅನ್ನುವ ಎರಡು ಸಂಖ್ಯೆಗಳಿಂದ.

ಇನ್ನೊಂದು ಮಾತು. ನಮ್ಮ ಮೊದಲ ಎಕ್ಸೆಲ್ ಶೀಟಿನಲ್ಲಿ ಕೂಲಿ ಅನ್ನುವ ಕಾಲಮ್ಮೇ ಇರಲಿಲ್ಲ. ಚಿಕ್ಕಮ್ಮ ಮನೆಯವರಲ್ವಾ, ಅವರಿಗೇನು ಕೂಲಿ? ಹೀಗೆ ಮನೆಯ ಹೆಂಗಸರ ದುಡಿಮೆಯನ್ನು ಸೊನ್ನೆ ಅಂತ ಬರೆದರೆ ಯಾವ ಸ್ಟಾರ್ಟಪ್ ಆದರೂ ಕಾಗದದ ಮೇಲೆ ಲಾಭದಲ್ಲೇ ಇರುತ್ತದೆ. ದಿನಕ್ಕೆ ಇಷ್ಟು ಗಂಟೆ, ಗಂಟೆಗೆ ಇಷ್ಟು ಅಂತ ಮೊದಲು ಅದನ್ನು ಬರೆಯಿರಿ. ಆಮೇಲೆ ಬೆಲೆ ನಿಗದಿ ಮಾಡಿ.

ಜಾಹೀರಾತು ಸಣ್ಣವರಿಗೆ ಯಾಕೆ ದುಬಾರಿ?

ಸರ್ಚ್ ಮತ್ತು ಸೋಷಿಯಲ್ ಮೀಡಿಯಾ ಜಾಹೀರಾತುಗಳಿಗೆ ಅಂಗಡಿಯಲ್ಲಿರುವ ಹಾಗೆ ನಿಗದಿತ ಬೆಲೆ ಇಲ್ಲ, ಪ್ರತಿ ಸಲವೂ ಹರಾಜು ನಡೆಯುತ್ತದೆ. ನೀವು ಎಷ್ಟು ಕೂಗಿದಿರಿ ಅನ್ನುವುದರ ಜೊತೆಗೆ ಜನ ಅದನ್ನು ಒತ್ತುವ ಸಾಧ್ಯತೆ ಎಷ್ಟು, ಪುಟ ಎಷ್ಟು ಉಪಯುಕ್ತ ಅನ್ನುವುದನ್ನೂ ವ್ಯವಸ್ಥೆ ಲೆಕ್ಕ ಹಾಕುತ್ತದೆ. ಹಳೆಯ, ದೊಡ್ಡ ಮಾರಾಟಗಾರರ ಬಳಿ ಲಕ್ಷಾಂತರ ಕ್ಲಿಕ್‌ಗಳ ಅನುಭವ ಇರುತ್ತದೆ. ಯಾರು ಕೊಳ್ಳುತ್ತಾರೆ ಅಂತ ಕಂಪ್ಯೂಟರ್‌ಗೆ ಕಲಿಸುವಷ್ಟು ಡೇಟಾ ಇರುತ್ತದೆ. ನಮ್ಮ ಹತ್ತಿರ ಇದ್ದದ್ದು 6,000 ರೂಪಾಯಿ. ವ್ಯವಸ್ಥೆ ಕಲಿಯುವಷ್ಟರಲ್ಲಿ ನಮ್ಮ ಜೇಬು ಖಾಲಿ. "ಹೆಲ್ತ್ ಮಿಕ್ಸ್" ಅಂತ ಹಾಕಿದ್ದೆವು ಬೇರೆ. ಆ ಪದಕ್ಕೆ ದೇಶದ ದೊಡ್ಡ ಕಂಪನಿಗಳೆಲ್ಲ ಹರಾಜಿಗೆ ನಿಂತಿರುತ್ತವೆ.

ಫ್ಲಿಪ್‌ಕಾರ್ಟ್ ಬುಕ್‌ಮಾರ್ಕ್ ಹಂಚಿದ ಕಥೆ

ನಾವು ನೋಡುವ ಗೋದಾಮು, ಲಾರಿ ಎಲ್ಲ ಆಟದ ಕೊನೆಯ ಹಂತ. ಮೊದಲ ಹಂತ ಬೇರೆಯೇ ಇತ್ತು. ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರು ಮಾಡಿದಾಗ ಹಾಕಿದ ಬಂಡವಾಳ ಸುಮಾರು 4 ಲಕ್ಷ ರೂಪಾಯಿ. ಮಾರುತ್ತಿದ್ದದ್ದು ಪುಸ್ತಕ ಮಾತ್ರ. ಜಾಹೀರಾತಿಗೆ ದುಡ್ಡಿರಲಿಲ್ಲ. ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು, ಬರುವ ಹೋಗುವವರಿಗೆ ತಮ್ಮ ಸೈಟಿನ ಹೆಸರಿದ್ದ ಬುಕ್‌ಮಾರ್ಕ್ ಹಂಚುತ್ತಿದ್ದರು. ಪುಸ್ತಕದಂಗಡಿಯಿಂದ ಹೊರಬಂದವನು ಪುಸ್ತಕ ಕೊಳ್ಳುವವನೇ ತಾನೇ? ಅವನನ್ನು ಹುಡುಕಲು ಯಾವ ಹರಾಜೂ ಬೇಡ. ಬುಕ್‌ಮಾರ್ಕ್ ಕೂಡ ಪಾಂಪ್ಲೆಟ್ ಥರ ಅಲ್ಲ, ಬಿಸಾಡದೆ ಪುಸ್ತಕದೊಳಗೆ ಉಳಿಯುತ್ತದೆ.

ಅವರ ಮೊದಲ ಆರ್ಡರ್ ಆಗಿನ ಆಂಧ್ರದ ಮೆಹಬೂಬ್‌ನಗರದಿಂದ ಬಂತು. ಜಾನ್ ವುಡ್ ಬರೆದ ಒಂದು ಇಂಗ್ಲಿಷ್ ಪುಸ್ತಕ. ಅದು ಕೈಯಲ್ಲಿ ಇರಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಹುಡುಕಿ ತಂದು ಕಳಿಸಿಕೊಟ್ಟರು. ಸರ್ಚ್‌ನಲ್ಲಿ ಪುಸ್ತಕದ ಹೆಸರು ಹುಡುಕಿದರೆ ತಮ್ಮ ಪುಟ ಮೇಲೆ ಬರುವ ಹಾಗೆ ಪುಟಗಳನ್ನು ಕಟ್ಟಿದರು. 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದರು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಕಂಪನಿಯ 77 ಶೇಕಡಾ ಪಾಲು ಕೊಂಡಿತು. ಆ ಕೊನೆಯ ಸಂಖ್ಯೆ ಎಲ್ಲರಿಗೂ ನೆನಪಿರುತ್ತದೆ, ಬುಕ್‌ಮಾರ್ಕ್ ಮರೆತುಹೋಗುತ್ತದೆ.

ಕನ್ನಡದಲ್ಲಿ ಇದಕ್ಕಿಂತ ನೂರು ವರ್ಷ ಹಳೆಯ ಉದಾಹರಣೆಯೂ ಇದೆ. ಕಾದಂಬರಿಕಾರ ಗಳಗನಾಥರು ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರು. ಓದುಗ ಎಲ್ಲಿದ್ದಾನೆ, ಎಂಥದ್ದು ಓದುತ್ತಾನೆ ಅನ್ನುವುದು ಆ ನಡಿಗೆಯಲ್ಲೇ ಅವರಿಗೆ ಗೊತ್ತಾಗಿರಬೇಕು. ಇವತ್ತು ಅದನ್ನು ಕಸ್ಟಮರ್ ರಿಸರ್ಚ್ ಅಂತ ಕರೆಯುತ್ತೇವೆ.

ಮೊದಲ ನೂರು ಗಿರಾಕಿಗಳು: ನಾವು ಮಾಡಿದ್ದು

ಚಿಕ್ಕಮ್ಮನ ಪ್ರಶ್ನೆಯಿಂದಲೇ ಮತ್ತೆ ಶುರು ಮಾಡಿದೆವು. ಹುರಿಹಿಟ್ಟು ಯಾರಿಗೆ ಬೇಕು? ಪುಟ್ಟ ಮಕ್ಕಳಿರುವ ಮನೆಗೆ, ವಯಸ್ಸಾದವರಿರುವ ಮನೆಗೆ, ಊರು ಬಿಟ್ಟು ಬಂದು ಮಾಡಿಕೊಳ್ಳಲು ಪುರುಸೊತ್ತಿಲ್ಲದವರಿಗೆ. ಅವರು ಎಲ್ಲಿ ಸಿಗುತ್ತಾರೆ? ತುಮಕೂರು ರಸ್ತೆಯ ಅಪಾರ್ಟ್‌ಮೆಂಟ್‌ಗಳಲ್ಲಿ, ಶಾಲೆಯ ಗೇಟಿನ ಹತ್ತಿರ, ಬೆಳಗಿನ ವಾಕಿಂಗ್‌ನಲ್ಲಿ. ಇಬ್ಬರೂ ಕೂತು ನಮಗೆ ಗೊತ್ತಿರುವ ಅಂಥ 40 ಮನೆಗಳ ಪಟ್ಟಿ ಮಾಡಿದೆವು. 50 ಗ್ರಾಂನ ಸಣ್ಣ ಪೊಟ್ಟಣ ಕಟ್ಟಿ ಕೊಟ್ಟು ಬಂದೆವು. ಅದಕ್ಕೆ ತಗುಲಿದ ಖರ್ಚು 500 ರೂಪಾಯಿಯ ಒಳಗೆ. ಒಂದು ವಾರ ಬಿಟ್ಟು ಹೋಗಿ ಹೇಗಿತ್ತು ಅಂತ ಕೇಳಿದೆವು.

ಕೇಳಿದ್ದರಿಂದ ತಿಳಿದದ್ದು ಇಷ್ಟು. ಎಷ್ಟು ಹಾಲಿಗೆ ಎಷ್ಟು ಚಮಚ ಅಂತ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಎಷ್ಟು ದಿನ ಇಟ್ಟುಕೊಳ್ಳಬಹುದು ಅಂತ ಎಲ್ಲರೂ ಕೇಳಿದರು. ಸಕ್ಕರೆ ಹಾಕಿದ್ದೀರಾ ಅಂತ ಅಜ್ಜಂದಿರು ಕೇಳಿದರು. ಈ ಮೂರರಲ್ಲಿ ಒಂದಕ್ಕೂ ನಮ್ಮ ಸೈಟಿನಲ್ಲಿ ಉತ್ತರ ಇರಲಿಲ್ಲ. ಹಿನ್ನೆಲೆಯಲ್ಲಿ ಓಡುವ ಅನಿಮೇಷನ್ ಮಾತ್ರ ಇತ್ತು. ಅದನ್ನು ತೆಗೆದು ಉತ್ತರಗಳನ್ನು ಹಾಕಿದೆವು.

ಆಮೇಲೆ ಮಾಡಿದ ಕೆಲಸಗಳಿಗೆ ದುಡ್ಡು ಬೇಕಾಗಲಿಲ್ಲ, ಸಮಯ ಬೇಕಾಯಿತು.

ವಾಟ್ಸಾಪ್ ಬಿಸಿನೆಸ್: ಈ ಆ್ಯಪ್ 2018ರಲ್ಲಿ ಬಂತು, ಮರುವರ್ಷ ಕ್ಯಾಟಲಾಗ್ ಸೌಲಭ್ಯವೂ ಸೇರಿತು. ಸಣ್ಣ ಅಂಗಡಿಗೆ ಎಷ್ಟೋ ಸಲ ಇದೇ ಸಾಕು, ವೆಬ್‌ಸೈಟ್ ಆಮೇಲೆ ನೋಡಿಕೊಳ್ಳಬಹುದು. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಹಾಗಾಗಿ ಪ್ಯಾಕೆಟ್ ಮೇಲೆ ನಂಬರ್ ದೊಡ್ಡದಾಗಿ ಹಾಕಿ, ಸೇವ್ ಮಾಡಿಕೊಳ್ಳಿ ಅಂತ ಕೇಳಿ. ದಿನಾ ಗುಡ್ ಮಾರ್ನಿಂಗ್ ಕಳಿಸಬೇಡಿ. ಹೊಸ ಹಿಟ್ಟು ಬೀಸಿಸಿದ ದಿನ ಒಂದು ಮೆಸೇಜ್ ಸಾಕು.

ಗೂಗಲ್ ನಕ್ಷೆ: ಗಿರಾಕಿ ಬಂದು ಕೊಳ್ಳುವ ಅಥವಾ ನೀವೇ ಹೋಗಿ ಮನೆಗೆ ತಲುಪಿಸುವ ವ್ಯಾಪಾರವಾದರೆ ಬಿಸಿನೆಸ್ ಪ್ರೊಫೈಲ್ ಉಚಿತವಾಗಿ ಸಿಗುತ್ತದೆ. ಮನೆಯ ವಿಳಾಸ ತೋರಿಸುವುದು ಇಷ್ಟವಿಲ್ಲದಿದ್ದರೆ ಮುಚ್ಚಿಟ್ಟು, ಯಾವ ಯಾವ ಏರಿಯಾಗೆ ಕೊಡುತ್ತೀರಿ ಅಂತ ಮಾತ್ರ ಹಾಕಬಹುದು.

ಹುಡುಕುವ ಪದ: ಜನ ಯಾವ ಪದ ಟೈಪ್ ಮಾಡುತ್ತಾರೋ ಅದೇ ಪುಟದಲ್ಲಿ ಇರಬೇಕು. ಹುರಿಹಿಟ್ಟು ಅಂತ ಕನ್ನಡದಲ್ಲೂ, ಇಂಗ್ಲಿಷ್ ಅಕ್ಷರದಲ್ಲಿ ಜನ ಬರೆಯುವ ಎರಡು ಮೂರು ರೀತಿಯಲ್ಲೂ ಬರೆಯಿರಿ. "ಹೆಲ್ತ್ ಮಿಕ್ಸ್"ಗೆ ಪೈಪೋಟಿ ಜಾಸ್ತಿ, "ಹುರಿಹಿಟ್ಟು" ಅಂತ ಹುಡುಕುವವರು ಕಡಿಮೆ. ಆದರೆ ಹಾಗೆ ಹುಡುಕುವವನಿಗೆ ಬೇಕಾಗಿರುವುದು ಹುರಿಹಿಟ್ಟೇ. ಕನ್ನಡ ಇಲ್ಲಿ ಅಭಿಮಾನದ ವಿಷಯ ಮಾತ್ರ ಅಲ್ಲ, ದುಡ್ಡು ಉಳಿಸುವ ವಿಷಯವೂ ಹೌದು.

ಫೋಟೋ: ಕಿಟಕಿಯ ಬೆಳಕಿನಲ್ಲಿ, ಬೆಳಗ್ಗೆ, ಮೊಬೈಲಲ್ಲೇ ತೆಗೆಯಿರಿ. ಪ್ಯಾಕೆಟ್ ಒಂದು, ಕಲಸಿದ ಬಟ್ಟಲು ಒಂದು, ಹುರಿಯುತ್ತಿರುವ ಕೈ ಒಂದು. ಎಲ್ಲಿಂದಲೋ ಇಳಿಸಿಕೊಂಡ ಚಿತ್ರ ಹಾಕಬೇಡಿ.

ಮಾಡಬಾರದ್ದೂ ಇದೆ. ಹಾಸ್ಟೆಲ್ ಫ್ರೆಂಡ್ಸ್ ಹತ್ತಿರ ಐದು ಸ್ಟಾರ್ ಹಾಕಿಸುವುದು ಎಲ್ಲರಿಗೂ ಹೊಳೆಯುವ ಐಡಿಯಾ. ನಮಗೂ ಹೊಳೆದಿತ್ತು. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಐಎಸ್ 19000 ಅನ್ನುವ ಮಾನಕ ಹೊರಡಿಸಿದೆ. ಅದು ಹಾಗಿರಲಿ, ಕೊಳ್ಳದವನು ಬರೆದ ವಿಮರ್ಶೆಯಿಂದ ನೀವು ಕಲಿಯುವುದು ಏನೂ ಇಲ್ಲ. ದುಡ್ಡು ಕೊಟ್ಟು ಇನ್‌ಫ್ಲುಯೆನ್ಸರ್ ಹತ್ತಿರ ಮಾಡಿಸಿದರೆ ಅದು ಜಾಹೀರಾತು ಅಂತ ಅವರು ಹೇಳಲೇಬೇಕು. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಅನ್ನುವಂಥ ಮಾತನ್ನಂತೂ ಪ್ಯಾಕೆಟ್ ಮೇಲೆ ಬರೆಯಲೇಬಾರದು, ಅದು ಕಾನೂನಿಗೂ ವಿರುದ್ಧ.

ದೇಶ ಆಮೇಲೆ, ಮೊದಲು ಊರು

ಆನ್‌ಲೈನ್ ಅಂದಮೇಲೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಅಂತ ಸೈಟಿನಲ್ಲಿ ಬರೆದಿದ್ದೆವು. ತಪ್ಪು. ದೂರ ಹೆಚ್ಚಿದಷ್ಟೂ ಕೊರಿಯರ್ ಹೆಚ್ಚು, ಹಾಳಾಗಿ ವಾಪಸ್ ಬರುವುದು ಹೆಚ್ಚು. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ ರೈತರ ಮಾವನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟಾಗ ಏನು ಮಾಡಿತು ನೋಡಿ. ಬಿಡಿ ಹಣ್ಣು ಕಳಿಸಲಿಲ್ಲ, 3 ಕಿಲೋ ಪೆಟ್ಟಿಗೆ ಮಾಡಿತು. ಅಂಚೆ ಇಲಾಖೆಯ ಜೊತೆ ಸೇರಿ ಬೆಂಗಳೂರಿನ ಮನೆಗಳಿಗೆ ತಲುಪಿಸಿತು. ಆರ್ಡರ್ ದೊಡ್ಡದು, ಏರಿಯಾ ಚಿಕ್ಕದು. ನಮ್ಮ ಲೆಕ್ಕದಲ್ಲಿ ಕಂಡದ್ದೂ ಅದೇ.

ನಾವೂ ವಾರಕ್ಕೆ ಒಂದೇ ದಿನ ಡೆಲಿವರಿ ಅಂತ ಮಾಡಿದೆವು. ಶನಿವಾರ ಬೆಳಗ್ಗೆ ಪ್ಯಾಕಿಂಗ್, ಮಧ್ಯಾಹ್ನ ನೆಲಮಂಗಲದ ಒಳಗೆ ಸ್ಕೂಟರ್‌ನಲ್ಲಿ, ಸಂಜೆ ಬೆಂಗಳೂರಿನ ಕಡೆಗೆ. ಮಾದಾವರದವರೆಗೆ 2024ರ ನವೆಂಬರ್‌ನಲ್ಲಿ ಮೆಟ್ರೋ ಬಂದಿರುವುದರಿಂದ ಅಲ್ಲಿಂದ ಮುಂದೆ ಬ್ಯಾಗು ಹಿಡಿದು ಹೋಗುವುದು ಸುಲಭ. ಒಂದು ಅಪಾರ್ಟ್‌ಮೆಂಟ್‌ನಲ್ಲಿ ಐದು ಮನೆ ಸೇರಿ ಹೇಳಿದರೆ ಡೆಲಿವರಿ ಫ್ರೀ. ಆ ಐದು ಮನೆಯನ್ನು ಒಟ್ಟು ಮಾಡುವ ಕೆಲಸ ನಾವು ಮಾಡಲಿಲ್ಲ, ಅಲ್ಲಿನ ಆಂಟಿಯೊಬ್ಬರು ಮಾಡಿದರು. ಅದಕ್ಕಿಂತ ಒಳ್ಳೆಯ ಜಾಹೀರಾತು ನಮಗೆ ಸಿಕ್ಕಿಲ್ಲ.

ಕಾಗದ ಪತ್ರ ಕೂಡ ಊರಿನಿಂದ ಶುರು ಮಾಡುವವರಿಗೆ ಸುಲಭ. ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಸಣ್ಣ ತಯಾರಕರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಸಣ್ಣದಿದ್ದರೂ ಬೇಕು. ಹಣವನ್ನು ಯುಪಿಐನಲ್ಲಿ ನೇರವಾಗಿ ಬ್ಯಾಂಕ್ ಖಾತೆಗೇ ಪಡೆದರೆ ಗೇಟ್‌ವೇ ಕಮಿಷನ್ ಕೂಡ ಉಳಿಯುತ್ತದೆ.

ಯಾವಾಗ ನಿಲ್ಲಿಸಬೇಕು? ಮೂರರ ನಿಯಮ

ಇಂಜಿನಿಯರಿಂಗ್ ಓದುವವರಾಗಿ ನಾವು ನಾಚಬೇಕಾದ ಭಾಗ ಇದು. ಮೂರನೇ ಸೆಮಿಸ್ಟರ್‌ನಲ್ಲಿ ಓದಿದ ಪ್ರಾಬಬಿಲಿಟಿ ನೆನಪಿದ್ದಿದ್ದರೆ ಚಿಕ್ಕಮ್ಮನ ದುಡ್ಡು ಉಳಿಯುತ್ತಿತ್ತು.

ಒಬ್ಬ ಭೇಟಿಗಾರ ಕೊಳ್ಳುವ ಸಂಭಾವ್ಯತೆ ಪಿ ಅನ್ನಿ. ಎನ್ ಜನ ಬಂದರೂ ಒಬ್ಬನೂ ಕೊಳ್ಳದಿರುವ ಸಂಭಾವ್ಯತೆ, 1ರಲ್ಲಿ ಪಿ ಕಳೆದು ಬಂದದ್ದರ ಎನ್‌ನೇ ಘಾತ. ಇದು 5 ಶೇಕಡಾಕ್ಕೆ ಇಳಿಯುವುದು ಎನ್ ಮತ್ತು ಪಿ ಗುಣಲಬ್ಧ ಸುಮಾರು 3 ಆದಾಗ. ಅಂದರೆ ಎನ್ ಜನ ಬಂದು ಆರ್ಡರ್ ಸೊನ್ನೆ ಇದ್ದರೆ, 95 ಶೇಕಡಾ ಭರವಸೆಯಿಂದ ಪಿ ಅನ್ನುವುದು 3 ಭಾಗಿಸು ಎನ್‌ಗಿಂತ ಕಡಿಮೆ. ಇದಕ್ಕೆ ಮೂರರ ನಿಯಮ ಅಂತಲೇ ಹೆಸರು.

ಇದನ್ನು ರೂಪಾಯಿಗೆ ತಿರುಗಿಸಿ. ಜಾಹೀರಾತಿಗೆ 6,000 ಹಾಕಿ ಅದರಿಂದ ಆರ್ಡರ್ ಸೊನ್ನೆ ಅಂದರೆ, ಒಂದು ಆರ್ಡರ್‌ಗೆ ಕನಿಷ್ಠ 2,000 ರೂಪಾಯಿ ಬೀಳುತ್ತದೆ ಅಂತ ಅರ್ಥ. ಆದ್ದರಿಂದ ನಿಯಮ ಸರಳ: ಒಂದು ಹೊಸ ಗಿರಾಕಿಗೆ ಹೆಚ್ಚೆಂದರೆ ಎಷ್ಟು ಕೊಡಬಲ್ಲಿರಿ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಅದರ ಮೂರು ಪಟ್ಟು ಖರ್ಚಾದರೂ ಒಂದೂ ಆರ್ಡರ್ ಬರದಿದ್ದರೆ ನಿಲ್ಲಿಸಿ. ನಮ್ಮ ಮಿತಿ 250 ಆಗಿದ್ದರೆ 750ಕ್ಕೇ ನಿಲ್ಲಬೇಕಿತ್ತು. ಉಳಿದ 5,250 ರೂಪಾಯಿ ಏನನ್ನೂ ಹೊಸದಾಗಿ ಕಲಿಸಲಿಲ್ಲ.

ಇದೇ ನಿಯಮ ಅವಸರದಿಂದಲೂ ಕಾಪಾಡುತ್ತದೆ. 40 ಜನ ಬಂದು ಯಾರೂ ಕೊಳ್ಳಲಿಲ್ಲ ಅಂತ ಅಂಗಡಿ ಮುಚ್ಚಬೇಡಿ. 40 ಜನಕ್ಕೆ ಮಿತಿ 7.5 ಶೇಕಡಾ. ನಿಮ್ಮ ನಿಜವಾದ ದರ 2 ಶೇಕಡಾ ಇದ್ದರೂ ಹಾಗಾಗಬಹುದು.

ಯಾವ ದಾರಿಯಿಂದ ಗಿರಾಕಿ ಬಂದರು ಅಂತ ತಿಳಿಯಲು ದೊಡ್ಡ ಸಾಫ್ಟ್‌ವೇರ್ ಬೇಡ. ಶಾಲೆಯ ಹತ್ತಿರ ಹಂಚಿದ ಚೀಟಿಗೆ ಒಂದು ಕೂಪನ್ ಪದ, ಅಪಾರ್ಟ್‌ಮೆಂಟ್‌ಗೆ ಇನ್ನೊಂದು, ಕಾಲೇಜಿಗೆ ಮತ್ತೊಂದು. ತಿಂಗಳ ಕೊನೆಗೆ ಎಣಿಸಿ. ಜೊತೆಗೆ, ಹೋದ ತಿಂಗಳು ಕೊಂಡವರಲ್ಲಿ ಈ ತಿಂಗಳು ಎಷ್ಟು ಜನ ಮತ್ತೆ ಕೊಂಡರು ಅಂತ ಬರೆಯಿರಿ. ಮತ್ತೆ ಬರುವವರು ಸಾಕಷ್ಟು ಇದ್ದಾರೆ ಅಂತ ಗೊತ್ತಾದ ಮೇಲೆ ಜಾಹೀರಾತಿಗೆ ದುಡ್ಡು ಹಾಕಿ, ಬೇಡ ಅನ್ನುತ್ತಿಲ್ಲ. ಯಾರೂ ಮತ್ತೆ ಬರುತ್ತಿಲ್ಲ ಅಂದರೆ ಸಮಸ್ಯೆ ಮಾಲಿನಲ್ಲೋ ಬೆಲೆಯಲ್ಲೋ ಇದೆ. ಅಂಥ ಹೊತ್ತಿನಲ್ಲಿ ಹಾಕುವ ಜಾಹೀರಾತು ತೂತು ಬಿದ್ದ ಬಿಂದಿಗೆಗೆ ನೀರು ಹೊಯ್ದ ಹಾಗೆ.

ಈಗ ಎಲ್ಲಿದ್ದೇವೆ?

ನೂರು ಮನೆ ಇನ್ನೂ ಮುಟ್ಟಿಲ್ಲ. 64ರಲ್ಲಿ ಇದ್ದೇವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯವರು ಎರಡನೇ ಸಲ ತರಿಸಿಕೊಂಡಿದ್ದಾರೆ. ಇದನ್ನು ಸ್ಟಾರ್ಟಪ್ ಅಂತ ಯಾರೂ ಕರೆಯುವುದಿಲ್ಲ, ಪ್ಲೇಸ್‌ಮೆಂಟ್ ಬಿಡುವಷ್ಟು ದುಡ್ಡೂ ಇಲ್ಲ. ಆದರೆ ಶೀಟಿನಲ್ಲಿ ಈಗ ಕೂಲಿ ಕಾಲಮ್ ಇದೆ. ಪ್ರತಿ ತಿಂಗಳು ಮೊದಲು ಅದು ಚಿಕ್ಕಮ್ಮನ ಖಾತೆಗೆ ಹೋಗುತ್ತದೆ, ಆಮೇಲೆ ಉಳಿದದ್ದು. ಕಳೆದುಕೊಂಡ 6,000ವನ್ನು ಕಂತಿನಲ್ಲಿ ವಾಪಸ್ ಕೊಡುತ್ತಿದ್ದೇವೆ, ಇನ್ನು ಎರಡು ಕಂತು ಬಾಕಿ.

ಹೋದ ಶನಿವಾರ ಪ್ಯಾಕಿಂಗ್ ಮಾಡುವಾಗ ಚಿಕ್ಕಮ್ಮ, "ಮೂರನೇ ಕ್ರಾಸಿನ ಅಜ್ಜಿ ಈ ಸಲ ಒಂದು ಕಿಲೋ ಜಾಸ್ತಿ ಹೇಳೌರೆ, ಮಗಳ ಮನೆಗಂತೆ" ಅಂದರು. ರೂಮ್‌ಮೇಟ್ ಲ್ಯಾಪ್‌ಟಾಪ್ ತೆಗೆದು ಒಂದು ಹೊಸ ಸಾಲು ಸೇರಿಸಿದ. 65ನೇ ಮನೆ. ಜಾಹೀರಾತಿನ ಖರ್ಚಿನ ಕಾಲಮ್‌ನಲ್ಲಿ ಸೊನ್ನೆ.

ನಿಮ್ಮಲ್ಲಿ ಯಾರಾದರೂ ಅಂಗಡಿ ಶುರು ಮಾಡುವ ಯೋಚನೆಯಲ್ಲಿದ್ದರೆ, ಡೊಮೈನ್ ಹೆಸರು ಕೊಳ್ಳುವ ಮೊದಲು ಒಂದು ಹಾಳೆ ತಗೊಂಡು ನಿಮಗೆ ಗೊತ್ತಿರುವ 40 ಮನೆಗಳ ಹೆಸರು ಬರೆಯಿರಿ. ಬರೆಯಲು ಆಗದಿದ್ದರೆ ಆ ಹಾಳೆಯ ಖರ್ಚಿನಲ್ಲೇ ಪಾಠ ಮುಗಿಯಿತು ಅಂದುಕೊಳ್ಳಿ, ನಮ್ಮದಕ್ಕಿಂತ ಅಗ್ಗ. ಬರೆಯಲು ಆದರೆ ಶನಿವಾರ ನೆಲಮಂಗಲಕ್ಕೆ ಬನ್ನಿ, ಹುರಿಹಿಟ್ಟು ತಿನ್ನುತ್ತಾ ನಿಮ್ಮ ಲೆಕ್ಕವನ್ನೂ ಹಾಕೋಣ.